3200 ಅಂತ ಬರೆದ ರ‍್ಯಾಮ್ 2400 ತೋರಿಸ್ತಿದೆ. ಪ್ರೊಸೆಸರಿಗೆ ಮ್ಯಾಚ್ ಆಗ್ತಿಲ್ವಾ?

ಚಂಡೆಮದ್ದಳೆ · ಶಿರಸಿ · ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು.

ಸುತ್ತಮುತ್ತಲಿನ ಊರುಗಳ ಯಕ್ಷಗಾನ ಆಟಗಳನ್ನ ರೆಕಾರ್ಡ್ ಮಾಡಿ ಎಡಿಟ್ ಮಾಡ್ತೇನೆ. ಹಳೆ ಲ್ಯಾಪ್‌ಟಾಪ್ ಕೈಕೊಟ್ಟಿತು ಅಂತ ಬಿಡಿಭಾಗ ತಂದು ನಾನೇ ಪಿಸಿ ಜೋಡಿಸಿದೆ. ರೈಜನ್ 5 5600ಜಿ ಹೊಸದು. ಎ520 ಮದರ್‌ಬೋರ್ಡು ಬೆಂಗಳೂರಲ್ಲಿರೋ ಭಾವನ ಹಳೇದು. ರ‍್ಯಾಮ್ ಡಿಡಿಆರ್4, 16 ಜಿಬಿಯ ಒಂದೇ ಕಡ್ಡಿ, ಡಬ್ಬಿ ಮೇಲೆ 3200 ಸಿಎಲ್16 ಅಂತ ದೊಡ್ಡದಾಗಿ ಬರೆದಿದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನೊಳಗೆ ಇರೋದೇ ಗತಿ.

ವಿಂಡೋಸ್ ಹಾಕಿ ಟಾಸ್ಕ್ ಮ್ಯಾನೇಜರ್ ತೆಗೆದರೆ ಮೆಮೊರಿ ಸ್ಪೀಡ್ 2400. ಗಾಬರಿಯಾಗಿ ಬಿಡಿಭಾಗಗಳ ವಿವರ ತೋರಿಸೋ ಸಿಪಿಯು-ಝಡ್ ಹಾಕಿದೆ, ಅದು 1197 ಅಂತು! ಅರ್ಧಕ್ಕಿಂತ ಕಡಿಮೆ. ಅಂಗಡಿಯವರಿಗೆ ಫೋನ್ ಮಾಡಿದೆ. "ನಿಮ್ಮ ಪ್ರೊಸೆಸರ್ 3.9 ಗಿಗಾಹರ್ಟ್ಸ್, ಅಂದ್ರೆ 3900. ರ‍್ಯಾಮೂ ಅದರ ಹತ್ರ ಹತ್ರ ಇರಬೇಕು ಸರ್, ಇಲ್ಲಾಂದ್ರೆ ಮ್ಯಾಚ್ ಆಗದೆ ಹಿಂದೆ ಬೀಳ್ತದೆ. ಇದನ್ನ ವಾಪಸ್ ಕೊಟ್ಟು ಸ್ವಲ್ಪ ಮೇಲೆ ಹಾಕಿ 4000ದ್ದು ತಗೊಳ್ಳಿ" ಅಂದ್ರು. ಆ "ಸ್ವಲ್ಪ" ಎಷ್ಟು ಅಂತ ಕೇಳಿದ ಮೇಲೆ ನಿದ್ದೆ ಬಂದಿಲ್ಲ.

ನನಗೆ ಮೋಸ ಆಗಿದೆಯಾ? 4000 ತಗೋಬೇಕಾ? ಸ್ವಲ್ಪ ಬಿಡಿಸಿ ಹೇಳಿ.

ಬಂಗಡೆ_ಫ್ರೈ · ಕಾರವಾರ · 9:20

ಬಯಾಸಿಗೆ (ಆನ್ ಆಗುವಾಗ ತೆಗೆಯೋ ಬೋರ್ಡಿನ ಸೆಟ್ಟಿಂಗ್) ಹೋಗು, ಎಕ್ಸ್‌ಎಂಪಿ ಆನ್ ಮಾಡು, ಸೇವ್ ಮಾಡಿ ಹೊರಗೆ ಬಾ. ಮುಗೀತು. 4000 ಎಂತದೂ ಬೇಡ.

ಅಪ್ಪೆಮಿಡಿ · ಸಿದ್ದಾಪುರ · 9:31

ತಮಾ, ಹೆದ್ರಡ. ಅಂಗಡಿಯವ ಹೇಳಿದ್ದು ಪೂರ್ತಿ ತಪ್ಪು ಇದ್ದು. ಪ್ರೊಸೆಸರಿನ 3.9ಕ್ಕೂ ರ‍್ಯಾಮಿನ 3200ಕ್ಕೂ ಹೋಲಿಸೂಲೆ ಎಂತದೂ ಇಲ್ಲೆ.

ಬಂಗಡೆ_ಫ್ರೈ · ಕಾರವಾರ · 9:33

ಭಟ್ರೇ, ಘಟ್ಟದ ಕೆಳಗಿನವರಿಗೂ ತಿಳಿಯೋ ಹಾಗೆ ಬರೀರಿ 😀

ಅಪ್ಪೆಮಿಡಿ · ಸಿದ್ದಾಪುರ · 9:58

ಆಯ್ತು ಮಾರಾಯ, ಪುಸ್ತಕದ ಭಾಷೆಲೇ ಹೇಳ್ತೇನೆ.

ಅಡಿಕೆ ಸುಲಿಯೋ ಚಪ್ಪರ ನೆನಪು ಮಾಡ್ಕೊಳ್ಳಿ. ಮೆಟ್ಟುಗತ್ತಿ ಮೇಲೆ ಆರು ಜನ ಕೂತಿದ್ದಾರೆ. 5600ಜಿಯಲ್ಲಿ ಆರು ಕೋರ್, ಲೆಕ್ಕ ಸರಿಯಾಯ್ತು. ಅವರ ಕೈ ಎಷ್ಟು ಬೇಗ ಓಡ್ತದೆ ಅನ್ನೋದು 3.9 ಗಿಗಾಹರ್ಟ್ಸ್. ರಾಶಿಯಿಂದ ಹೆಡಿಗೆ ತುಂಬಿ ಹೊತ್ತು ತರೋ ಹುಡುಗ ಇದ್ದಾನಲ್ಲ, ಅವನು ರ‍್ಯಾಮು. ಅವನು ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕ್ತಾನೆ ಅನ್ನೋದು 3200. ಸುಲಿಯೋರ ಕೈ ಓಟಕ್ಕೂ ಹುಡುಗನ ಹೆಜ್ಜೆಗೂ ಒಂದೇ ಅಂಕಿ ಬರಬೇಕು ಅಂತ ಯಾರಾದ್ರೂ ಹೇಳ್ತಾರಾ? ಸುಲಿಯೋರು ಖಾಲಿ ಕೈಲಿ ಕೂರಬಾರದು ಅಷ್ಟೆ.

ಪ್ರೊಸೆಸರಿನೊಳಗೆ ಮೆಮೊರಿ ಕಂಟ್ರೋಲರ್ ಅಂತ ಒಂದು ಭಾಗ ಇದೆ. ಹುಡುಗನ ಹತ್ರ ಹೆಡಿಗೆ ಇಸ್ಕೊಳ್ಳೋ ಮೇಸ್ತ್ರಿ ಅನ್ನಿ. ರ‍್ಯಾಮ್ ಹೊಂದಬೇಕಾದ್ದು ಆ ಮೇಸ್ತ್ರಿಗೆ. 5600ಜಿಯ ಮೇಸ್ತ್ರಿಗೆ ಎಎಂಡಿ ಬರೆದುಕೊಟ್ಟ ಮಿತಿ ಡಿಡಿಆರ್4-3200. ನೀವು ತಂದದ್ದೂ 3200. ಇದಕ್ಕಿಂತ ಸರಿಯಾದ ಜೋಡಿ ಇನ್ನೆಂಥದು?

ಸಿಪಿಯು-ಝಡ್ 1197 ತೋರಿಸಿದ್ದಕ್ಕೂ ಗಾಬರಿ ಬೇಡ. ಡಿಡಿಆರ್ ಅಂದ್ರೆ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸೋದು. ಸಿಪಿಯು-ಝಡ್ ಬಡಿತ ಎಣಿಸ್ತದೆ, ಟಾಸ್ಕ್ ಮ್ಯಾನೇಜರ್ ಸಾಗಣೆ ಎಣಿಸ್ತದೆ. 1200ರ ಎರಡರಷ್ಟು 2400. ಎರಡೂ ಒಂದೇ ಮಾತು ಹೇಳ್ತಿವೆ.

ಕೀಲಿಮಣೆ · ಕುಮಟಾ · 10:04

ಅದಕ್ಕೇ 3200 ಮೆಗಾಹರ್ಟ್ಸ್ ಅನ್ನೋದು ಸರಿಯಲ್ಲ. ಸೆಕೆಂಡಿಗೆ 3200 ಮೆಗಾಟ್ರಾನ್ಸ್‌ಫರ್ ಅನ್ನಬೇಕು. ಹೊಸ ವಿಂಡೋಸ್ 11ರ ಟಾಸ್ಕ್ ಮ್ಯಾನೇಜರೇ ಅದನ್ನ ತಿದ್ದಿಕೊಂಡಿದೆ, ಈಗ ಎಂಟಿ/ಎಸ್ ಅಂತ ತೋರಿಸ್ತದೆ.

ಬಂಗಡೆ_ಫ್ರೈ · ಕಾರವಾರ · 10:05

ಬಂದ್ರು ಮಾಸ್ತರು.

ತೋಟದ್ಹುಡುಗಿ · ಯಲ್ಲಾಪುರ · 10:11

ಮೆಗಾಹರ್ಟ್ಸ್ ಅಂದ್ರೆ ಅಂಗಡಿಯಲ್ಲಿ ತಿಳೀತದೆ. ಮೆಗಾಟ್ರಾನ್ಸ್‌ಫರ್ ಕೊಡಿ ಅಂದ್ರೆ ಬ್ಯಾಂಕಿಗೆ ಹೋಗಿ ಅಂತಾರೆ.

ಚಂಡೆಮದ್ದಳೆ ಅವರೇ, 2400 ಯಾಕೆ ಬಂತು ಅನ್ನೋದನ್ನ ಯಾರೂ ಹೇಳ್ಲಿಲ್ಲ. ಕಡ್ಡಿಯಲ್ಲಿ ಎಸ್‌ಪಿಡಿ ಅನ್ನೋ ಸಣ್ಣ ಚಿಪ್ ಇರ್ತದೆ. ಯಾವ ವೇಗದಲ್ಲಿ ಖಂಡಿತ ಓಡ್ತೇನೆ ಅಂತ ಅದರೊಳಗೆ ಬರೆದಿರ್ತದೆ. ಮೊದಲ ಸಲ ಆನ್ ಮಾಡಿದಾಗ ಬೋರ್ಡು ಅಪಾಯ ಬೇಡ ಅಂತ ಆ ಸಾದಾ ವೇಗವನ್ನೇ ಆರಿಸ್ತದೆ. ಕಡ್ಡಿ ನೋಡಿ 2133 ಇರಬಹುದು, 2400 ಇರಬಹುದು, 2666 ಇರಬಹುದು. ಡಬ್ಬಿ ಮೇಲಿನ 3200 ಸಿಎಲ್16 ಅನ್ನೋದು ಅದೇ ಚಿಪ್ಪಿನಲ್ಲಿರೋ ಇನ್ನೊಂದು ಚೀಟಿ, ಅದೇ ಎಕ್ಸ್‌ಎಂಪಿ. ಅದನ್ನ ನೀವೇ ಬಯಾಸಿನಲ್ಲಿ ಆರಿಸ್ಬೇಕು. ಇಂಟೆಲ್ 2007ರಲ್ಲಿ ಡಿಡಿಆರ್3 ಕಾಲಕ್ಕೆ ತಂದ ಪದ್ಧತಿ ಇದು. ಎಎಂಡಿ ಬೋರ್ಡುಗಳಲ್ಲಿ ಕೆಲವೊಮ್ಮೆ ಡಿಒಸಿಪಿ ಅಂತ ಹೆಸರು ಬದಲಾಗಿರ್ತದೆ, ಹುಡುಕಿ ಸಿಗದಿದ್ರೆ ಹೆದರಬೇಡಿ.

ಚಂಡೆಮದ್ದಳೆ · ಶಿರಸಿ · 10:40

ಮಾಡಿದೆ! 3200!! ಎಲ್ಲರಿಗೂ ದೊಡ್ಡ ನಮಸ್ಕಾರ. ವಾಪಸ್ ಕೊಡೋಕೆ ಡಬ್ಬಿ ಪ್ಯಾಕ್ ಮಾಡಿ ಇಟ್ಟಿದ್ದೆ.

ಬಂಗಡೆ_ಫ್ರೈ · ಕಾರವಾರ · 10:42

9:20ಕ್ಕೆ ಹೇಳಿದ್ದೆ.

ದಾಂಡೇಲಿ_ಡೆಸ್ಕು · ದಾಂಡೇಲಿ · ಮಂಗಳವಾರ ಬೆಳಿಗ್ಗೆ 7:15

ಎಕ್ಸ್‌ಎಂಪಿ ಆನ್ ಮಾಡಿದ್ರೆ ಪ್ರೊಸೆಸರಿನ ವಾರಂಟಿ ಹೋಗ್ತದೆ. ಅದನ್ನ ಯಾರೂ ಹೇಳದೆ "ಆನ್ ಮಾಡು ಆನ್ ಮಾಡು" ಅಂತ ಹೇಳಿದ್ದು ಸರಿಯಲ್ಲ. ಅದೂ ಓವರ್‌ಕ್ಲಾಕಿಂಗೇ.

ಕೀಲಿಮಣೆ · ಕುಮಟಾ · 7:40

ಅರ್ಧ ಸತ್ಯ. ಕಂಪನಿ ಹೇಳಿದ ಮಿತಿ ದಾಟಿದ್ರೆ ಓವರ್‌ಕ್ಲಾಕಿಂಗ್, ಅದಕ್ಕೆ ವಾರಂಟಿ ಇಲ್ಲ ಅಂತ ಎಎಂಡಿ ಬರೆದೇ ಇಟ್ಟಿದೆ. ಆದರೆ ಇಲ್ಲಿ ಪ್ರೊಸೆಸರಿನ ಮಿತಿಯೇ 3200. ಇವರು ಮಿತಿ ದಾಟಿಲ್ಲ.

ದಾಂಡೇಲಿ_ಡೆಸ್ಕು · ದಾಂಡೇಲಿ · 7:52

ವೇಗ ದಾಟಿಲ್ಲ, ವೋಲ್ಟೇಜ್ ದಾಟಿದೆ. ಡಿಡಿಆರ್4ರ ಸಾದಾ ವೋಲ್ಟೇಜ್ 1.2. ಎಕ್ಸ್‌ಎಂಪಿ ಸಿಎಲ್16ಕ್ಕೆ 1.35 ಕೊಡ್ತದೆ. ಹೋಗಿ ನೋಡಿ.

ಕೀಲಿಮಣೆ · ಕುಮಟಾ · 8:03

ಆ 1.35 ಕಡ್ಡಿ ಮಾಡಿದವರೇ ಡಬ್ಬಿ ಮೇಲೆ ಬರೆದದ್ದು. ಆದರೂ ಒಪ್ಪಿದೆ, ನಿಮ್ಮ ಮಾತಿನಲ್ಲಿ ಹುರುಳಿದೆ.

ಬಂಗಡೆ_ಫ್ರೈ · ಕಾರವಾರ · 8:05

ಕುಮಟಾದವರು ಒಪ್ಕೊಂಡ್ರು. ಸ್ಕ್ರೀನ್‌ಶಾಟ್ ತಗೊಂಡೆ.

ಕಾಳಿತೀರ · ಕಾರವಾರ · 8:30

ಇದೇ ವಿಷ್ಯ ಅಂತ ನಂದೂ ಕೇಳ್ತೆ. ಐ5-12400, ಎಚ್610 ಬೋರ್ಡು. ಮಡಗಾಂವಿಗೆ ಹೋದಾಗ ಚೆಂದ ಕಂಡಿತು ಅಂತ 3600ರ ಜೋಡಿ ಕಡ್ಡಿ ತಂದೆ. ಎಂತ ಮಾಡಿದ್ರೂ 3200 ದಾಟೂದಿಲ್ಲ. ಕಡ್ಡಿ ಹಾಳಾ?

ತೋಟದ್ಹುಡುಗಿ · ಯಲ್ಲಾಪುರ · 8:44

ಕಡ್ಡಿ ಸರಿಯಾಗೇ ಇದೆ, ಬೋರ್ಡಿಗೆ ಬೇಲಿ ಹಾಕಿದ್ದಾರೆ. ಎಚ್610ರಲ್ಲಿ ಮೆಮೊರಿ ಓವರ್‌ಕ್ಲಾಕ್ ಮಾಡೋಕೆ ಇಂಟೆಲ್ ಬಿಡಲ್ಲ. 12400 ಡಿಡಿಆರ್4-3200 ತನಕ ಒಪ್ತದೆ, ಅಲ್ಲಿಗೇ ನಿಲ್ತದೆ. ಬಿ660 ಇದ್ದಿದ್ರೆ ಪ್ರಯತ್ನಿಸಬಹುದಿತ್ತು. ಹೆಚ್ಚು ದುಡ್ಡು ಕೊಟ್ಟದ್ದಷ್ಟೇ ನಷ್ಟ, 3200ರಲ್ಲಿ ಓಡಿಸಿ.

ಅಪ್ಪೆಮಿಡಿ · ಸಿದ್ದಾಪುರ · 9:02

ನಮ್ಮ ಮನೆಯದ್ದು ಐ5-10400, ಎಚ್410 ಬೋರ್ಡು. ಅದಕ್ಕೆ ಮಿತಿ 2666. ಮಗ 3200ರ ಕಡ್ಡಿ ತಂದು ಹಾಕಿದ, 2666ರಲ್ಲೇ ಓಡ್ತಾ ಇದೆ. ಹುಡುಗ ಓಡೋಕೆ ತಯಾರಿದ್ದಾನೆ, ಚಪ್ಪರದ ಬಾಗಿಲು ಸಣ್ಣದು. ಹಾಗಾಗಿ ಅಂಗಡಿಗೆ ಹೋಗೋ ಮೊದಲು ಪ್ರೊಸೆಸರಿನ ಮಿತಿ ಎಷ್ಟು, ಬೋರ್ಡು ಎಷ್ಟಕ್ಕೆ ಬಿಡ್ತದೆ ಅಂತ ಎರಡನ್ನೂ ನೋಡ್ಕೊಳ್ಳಿ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ವೇಗ ಖಾತ್ರಿ, ಅದಕ್ಕಿಂತ ಮೇಲೆ ಹೋಗೋದು ಬೋರ್ಡು ಓವರ್‌ಕ್ಲಾಕಿಗೆ ಬಿಟ್ರೆ ಮಾತ್ರ. ಕಡ್ಡಿ ಮೇಲಿನ ಅಂಕಿ ಆಮೇಲೆ.

ಹೊನ್ನಾವರ_ಪ್ಯಾಸೆಂಜರ್ · ಹೊನ್ನಾವರ · 11:20

ನನ್ನ ಕತೆ ಕೇಳಿ, ನಗಬೇಡಿ.

ಹೋದ ಮಳೆಗಾಲದಲ್ಲಿ ರೈಜನ್ 7600 ಹಾಕಿ ಹೊಸ ಪಿಸಿ ಮಾಡಿದೆ. ಡಿಡಿಆರ್5-6000, ಎರಡೆರಡು ಕಡ್ಡಿಯ ಎರಡು ಡಬ್ಬಿ, ಒಟ್ಟು ನಾಲ್ಕು. ನಾಲ್ಕು ಸಂದೂ ತುಂಬಿದ್ರೆ ಚೆಂದ ಕಾಣ್ತದೆ ಅಂತ, ದೀಪ ಬೇರೆ ಇದ್ವು. ಸ್ವಿಚ್ ಹಾಕಿದೆ. ಫ್ಯಾನ್ ತಿರುಗ್ತು, ದೀಪ ಹತ್ತಿತು, ಪರದೆ ಕಪ್ಪು. ಐದು ನಿಮಿಷ ಕಾದೆ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಐದು ನಿಮಿಷ. ಹೀಗೆ ಏಳೆಂಟು ಸಲ. ಹೊಸ ಬೋರ್ಡು ಸತ್ತಿದೆ ಅಂತ ತೀರ್ಮಾನ ಮಾಡಿ, ಕ್ಯಾಬಿನೆಟ್ಟನ್ನ ಚಾದರದಲ್ಲಿ ಸುತ್ತಿ ಹುಬ್ಬಳ್ಳಿ ಬಸ್ ಹತ್ತಿದೆ. ಅರಬೈಲ್ ಘಟ್ಟದ ತಿರುವಿನಲ್ಲಿ ಅದನ್ನ ತೊಡೆ ಮೇಲೆ ಹಿಡ್ಕೊಂಡು ಕೂತ ನನ್ನ ಅವಸ್ಥೆ ದೇವರಿಗೇ ಪ್ರೀತಿ.

ಹುಬ್ಬಳ್ಳಿಯಲ್ಲಿ ಅಂಗಡಿ ಹುಡುಗ ಸ್ವಿಚ್ ಹಾಕಿದ, ಚಾ ತರೋಕೆ ಹೋದ. ಚಾ ಬಂತು, ಕುಡಿದ್ವಿ, ಲೋಟ ತೊಳೆದಿಟ್ಟ. ಪರದೆ ಬಂತು! ಅವನು ಹೇಳಿದ, ಡಿಡಿಆರ್5ರಲ್ಲಿ ಮೊದಲ ಸಲ ಬೋರ್ಡು ಕಡ್ಡಿಗಳ ಜೊತೆ ಪಳಗೋಕೆ ಹೊತ್ತು ತಗೊಳ್ತದೆ, ಮೆಮೊರಿ ಟ್ರೇನಿಂಗ್ ಅಂತಾರೆ, ಕಡ್ಡಿ ಹೆಚ್ಚಾದಷ್ಟೂ ಹೊತ್ತು ಹೆಚ್ಚು. ನಾನು ಪ್ರತಿ ಸಲ ಅರ್ಧಕ್ಕೆ ಆಫ್ ಮಾಡ್ತಾ ಇದ್ದೆ.

ಅಷ್ಟಾಗಿ ವೇಗ ಎಷ್ಟು ಅಂತೀರಿ? 3600. 6000ದ ದುಡ್ಡು ಕೊಟ್ಟು.

ಕೀಲಿಮಣೆ · ಕುಮಟಾ · 11:34

7600ರ ಮಿತಿಯೇ ಹಾಗೆ. ಎರಡು ಕಡ್ಡಿಗೆ ಡಿಡಿಆರ್5-5200, ನಾಲ್ಕು ಕಡ್ಡಿಗೆ 3600 ಅಂತ ಎಎಂಡಿಯ ಪುಟದಲ್ಲೇ ಇದೆ. ಎರಡು ತೆಗೆದು ಎಕ್ಸ್‌ಪೋ ಆನ್ ಮಾಡಿ, ಮಿತಿ ದಾಟಿ 6000 ಬರ್ತದೆ. ಎಕ್ಸ್‌ಪೋ ಅಂದ್ರೆ ಡಿಡಿಆರ್5ಕ್ಕೆ ಎಎಂಡಿ 2022ರಲ್ಲಿ ತಂದ ಅವರದ್ದೇ ಚೀಟಿ.

ಹೊನ್ನಾವರ_ಪ್ಯಾಸೆಂಜರ್ · ಹೊನ್ನಾವರ · 11:41

ತೆಗೆದೆ, ಬಂತು. ಉಳಿದ ಎರಡು ಕಡ್ಡಿ ಕಪಾಟಿನಲ್ಲಿ ಅವೆ.

ಬಂಗಡೆ_ಫ್ರೈ · ಕಾರವಾರ · 11:43

ಕಪಾಟಿನಲ್ಲಿ ಇಟ್ಟಿದ್ದು ಒಳ್ಳೇದಾಯ್ತು, ಈಗ ಅವು ಬಂಗಾರ. ರೇಟ್ ನೋಡಿದ್ರಾ?

ತೋಟದ್ಹುಡುಗಿ · ಯಲ್ಲಾಪುರ · 11:50

ರೇಟಿನ ಮಾತು ಎತ್ತಬೇಡಿ. ಎಐ ಸರ್ವರುಗಳಿಗೆ ಅಂತ ಇರೋಬರೋ ಚಿಪ್ಪೆಲ್ಲ ಅಲ್ಲಿಗೇ ಹೋಗ್ತಿದೆ. ಚಿಪ್ ಮಾಡೋ ದೊಡ್ಡ ಕಂಪನಿಗಳು ಮೂರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೈಕ್ರಾನ್ ಅಂತೂ ಕ್ರೂಷಿಯಲ್ ಹೆಸರಲ್ಲಿ ನಮ್ಮಂಥವರಿಗೆ ಮಾರೋದನ್ನೇ ನಿಲ್ಲಿಸ್ತೇನೆ ಅಂತ 2025ರ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು.

ಅಪ್ಪೆಮಿಡಿ · ಸಿದ್ದಾಪುರ · 12:08

ಅಡಿಕೆ ಚೀಲ ಕಟ್ಟಿಟ್ಟು ರೇಟು ಏರಲಿ ಅಂತ ಕಾಯ್ದವರನ್ನ ನೋಡಿದ್ದೆ. ರ‍್ಯಾಮ್ ಕಡ್ಡಿಗೂ ಅದೇ ಕಾಲ ಬಂತು. ಒಂದೇ ಸಮಾಧಾನ, ಇದಕ್ಕೆ ಕೊಳೆರೋಗ ಬರಲ್ಲ.

ಕಾಳಿತೀರ · ಕಾರವಾರ · 12:15

ಬರ್ತದೆ! ಸಮುದ್ರದ ಗಾಳಿಗೆ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಕಿಲುಬಿನ ಹಾಗೆ ಕೂರ್ತದೆ. ಜುಲೈ ಬಂದ ಕೂಡ್ಲೆ ನಮ್ಮನೆ ಹಳೆ ಪಿಸಿ ಕಪ್ಪು ಪರದೆ ತೋರಿಸಿ ಬೀಪ್ ಬೀಪ್ ಅಂತದೆ. ಕಡ್ಡಿ ತೆಗೆದು ಪೆನ್ಸಿಲ್ ರಬ್ಬರ್ ಮೆತ್ತಗೆ ಉಜ್ಜಿ ಹಾಕಿದ್ರೆ ಸರಿ.

ದಾಂಡೇಲಿ_ಡೆಸ್ಕು · ದಾಂಡೇಲಿ · 12:22

ರಬ್ಬರಿನ ಪುಡಿ ಸಂದಿಯೊಳಗೆ ಬಿದ್ದು ಇನ್ನೊಂದು ತೊಂದರೆ. ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ, ಔಷಧಿ ಅಂಗಡಿಯಲ್ಲಿ ಕೇಳಿ.

ಬಂಗಡೆ_ಫ್ರೈ · ಕಾರವಾರ · 12:24

ಇಪ್ಪತ್ತು ವರ್ಷದಿಂದ ರಬ್ಬರ್ ಉಜ್ತಾ ಇದ್ದೆ. ಇವರದ್ದು ಎಂತದೋ ಡಾಕ್ಟರಿಕೆ.

ಚಂಡೆಮದ್ದಳೆ · ಶಿರಸಿ · ಮಂಗಳವಾರ ರಾತ್ರಿ 8:50

ಮತ್ತೆ ನಾನೇ. 3200 ಬಂದ ಸಂತೋಷದಲ್ಲಿ ಎಡಿಟಿಂಗಿಗೆ ಕೂತೆ. ಹೇಳಿಕೊಳ್ಳೋ ಬದಲಾವಣೆ ಏನೂ ಇಲ್ಲ! ಟೈಮ್‌ಲೈನ್ ಎಳೆದ್ರೆ ಈಗಲೂ ತಡವರಿಸ್ತದೆ. ಚಿಕ್ಕಪ್ಪನ ಮಗ ಬಂದು ಗೇಮ್ ಹಾಕಿದ, ಅವನೂ "ಅಣ್ಣಾ, ಇದು ಎಳೀತಾ ಇದೆ" ಅಂದ. ಹಾಗಾದ್ರೆ ಅಂಗಡಿಯವರು ಹೇಳಿದ 4000ವೇ ಸರಿಯಾ?

ಬಂಗಡೆ_ಫ್ರೈ · ಕಾರವಾರ · 8:52

ಅಯ್ಯೋ, ಮತ್ತೆ 4000.

ಕೀಲಿಮಣೆ · ಕುಮಟಾ · 9:05

4000 ಬೇಡ. ಎಎಂಡಿಯ ಒಳಗೆ ಇನ್ಫಿನಿಟಿ ಫ್ಯಾಬ್ರಿಕ್ ಅನ್ನೋ ದಾರಿ ಇದೆ. ರ‍್ಯಾಮಿನ ಬಡಿತಕ್ಕೂ ಅದಕ್ಕೂ ಒಂದಕ್ಕೊಂದು ತಾಳ ಕೂಡಬೇಕು. 3600ಕ್ಕೆ 1800, 4000ಕ್ಕೆ 2000. ಈ ಪೀಳಿಗೆಯ ರೈಜನ್ 1900 ಮೇಲೆ ಹೋಗೋದು ಕಷ್ಟ. ತಾಳ ತಪ್ಪಿದ್ರೆ ಅರ್ಧ ಲಯಕ್ಕೆ ಇಳೀತದೆ, ಆಗ 4000 ಇದ್ದೂ 3600ಕ್ಕಿಂತ ನಿಧಾನ.

ತೋಟದ್ಹುಡುಗಿ · ಯಲ್ಲಾಪುರ · 9:17

ಮಾಸ್ತರೇ, ನೀವು ಹೇಳ್ತಿರೋದು 5600ರ ಲೆಕ್ಕ. ಅದರಲ್ಲಿ ಕೋರ್ ಒಂದು ತುಂಡು, ಮೆಮೊರಿ ಕಂಟ್ರೋಲರ್ ಇನ್ನೊಂದು ತುಂಡು. 5600ಜಿ ಒಂದೇ ತುಂಡು ಸಿಲಿಕಾನ್. ಇದರಲ್ಲಿ ಫ್ಯಾಬ್ರಿಕ್ 2000 ದಾಟೋದು ಅಪರೂಪವೇನಲ್ಲ. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಅಷ್ಟೆ, ಒಳಗಿನ ಕಟ್ಟಡವೇ ಬೇರೆ.

ಕೀಲಿಮಣೆ · ಕುಮಟಾ · 9:21

ಹೌದು, ತಪ್ಪಾಯ್ತು. ಆದರೂ ಈಗಿನ ರೇಟಿಗೆ 4000 ಬೇಡ ಅನ್ನೋ ಮಾತು ಹಾಗೇ ಇರಲಿ.

ಬಂಗಡೆ_ಫ್ರೈ · ಕಾರವಾರ · 9:22

ಒಂದೇ ದಿನ ಎರಡು ಸ್ಕ್ರೀನ್‌ಶಾಟ್.

ಅಪ್ಪೆಮಿಡಿ · ಸಿದ್ದಾಪುರ · 9:45

ಎಲ್ಲರೂ ಅಂಕಿ ಹಿಡ್ಕೊಂಡು ಜಗಳ ಆಡ್ತಾ ಒಂದು ವಿಷಯ ಬಿಟ್ಟುಬಿಟ್ರಿ. ಮೊದಲ ಪೋಸ್ಟಿನಲ್ಲೇ ಬರೆದಿದ್ದಾರೆ, ಒಂದೇ ಕಡ್ಡಿ. ಅಂದ್ರೆ ಆರು ಜನ ಸುಲಿಯೋರಿಗೆ ಹೆಡಿಗೆ ಹೊರೋನು ಒಬ್ಬನೇ. ಅವನನ್ನ 2400ರಿಂದ 3200ಕ್ಕೆ ಓಡಿಸಿದ್ವಿ, ಸರಿ. ಆದರೆ ಮೇಸ್ತ್ರಿಗೆ ಎರಡು ಕೈ ಇದೆ, ಒಂದು ಖಾಲಿ ಕೂತಿದೆ.

ಲೆಕ್ಕ ಹಾಕಿ. ಒಂದು ಚಾನೆಲ್ಲು, ಅಂದ್ರೆ ಮೇಸ್ತ್ರಿಯ ಒಂದು ಕೈ, ಒಂದು ಸಲಕ್ಕೆ 64 ಬಿಟ್, ಅಂದ್ರೆ 8 ಬೈಟ್ ತರ್ತದೆ. 3200 × 8 ಅಂದ್ರೆ ಸೆಕೆಂಡಿಗೆ 25.6 ಜಿಬಿ. ಎರಡು ಕಡ್ಡಿ ಇದ್ರೆ 51.2. ಅದೇ ಒಂದೇ ಕಡ್ಡಿಯ 4000 ಕೊಡೋದು 32 ಮಾತ್ರ. ಅಂಗಡಿಯವರ ದಾರಿಯಲ್ಲಿ ಹೋಗಿದ್ರೆ ದುಡ್ಡು ಕೊಟ್ಟು ಕಾಲಂಶ ಹೆಚ್ಚಿಗೆ ಸಿಗ್ತಿತ್ತು, ಇಲ್ಲಿ ಎರಡರಷ್ಟು ಬಿದ್ದುಕೊಂಡಿದೆ.

ಅದರ ಮೇಲೆ ನಿಮ್ಮಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕಾರ್ಡಿಗಾದ್ರೆ ಅದರದ್ದೇ ಮೆಮೊರಿ ಇರ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸು ಇದೇ ಹುಡುಗನ ಹೆಡಿಗೆಗೆ ಕೈ ಹಾಕ್ತದೆ. ಸುಲಿಯೋರ ಜೊತೆ ಬೇಯಿಸೋ ಒಲೆಯವರೂ ಅವನನ್ನೇ ಕರೀತಾರೆ ಅನ್ನಿ.

ತೋಟದ್ಹುಡುಗಿ · ಯಲ್ಲಾಪುರ · 9:52

ಇದಕ್ಕೆ ಒಂದು ಸೇರಿಸ್ತೇನೆ. ಸುಲಿಯೋರ ಪಕ್ಕದಲ್ಲೇ ಸಣ್ಣ ಗುಡ್ಡೆ ಇರ್ತದಲ್ಲ, ಅದು ಕ್ಯಾಶ್. 5600ರಲ್ಲಿ ಎಲ್3 ಕ್ಯಾಶ್ 32 ಎಂಬಿ, 5600ಜಿಯಲ್ಲಿ 16. ಗುಡ್ಡೆ ಸಣ್ಣದಾದಷ್ಟೂ ಹುಡುಗನನ್ನ ಕೂಗೋದು ಜಾಸ್ತಿ.

ಕಾಳಿತೀರ · ಕಾರವಾರ · 9:55

ಮತ್ತೆ ಆ ಸಿಎಲ್16 ಅಂದ್ರೆ ಎಂತದು ಭಟ್ರೇ?

ಅಪ್ಪೆಮಿಡಿ · ಸಿದ್ದಾಪುರ · 10:06

"ಏ ಮಾಣಿ, ತಗೊಂಡು ಬಾ" ಅಂತ ಕೂಗಿದ ಮೇಲೆ ಅವನು ಎಷ್ಟು ಬಡಿತ ಕಳೆದು ಏಳ್ತಾನೆ ಅನ್ನೋದು. ಬರೀ ಸಿಎಲ್ ನೋಡಿದ್ರೆ ಮೋಸ ಹೋಗ್ತೀರಿ. ಸಿಎಲ್ಲನ್ನ 2000ದಿಂದ ಗುಣಿಸಿ ವೇಗದಿಂದ ಭಾಗಿಸಿ, ನ್ಯಾನೊಸೆಕೆಂಡ್ ಬರ್ತದೆ. 3200 ಸಿಎಲ್16ಕ್ಕೆ 10. 3600 ಸಿಎಲ್18ಕ್ಕೂ 10. 3200 ಸಿಎಲ್22ಕ್ಕೆ 13.75. ಡಿಡಿಆರ್5-6000 ಸಿಎಲ್30 ನೋಡಿ, ಮತ್ತೆ ಅದೇ 10! ಡಿಡಿಆರ್5-4800 ಸಿಎಲ್40 ಅಂತೂ 16 ದಾಟ್ತದೆ.

ಹೊನ್ನಾವರ_ಪ್ಯಾಸೆಂಜರ್ · ಹೊನ್ನಾವರ · 10:10

ಅಂದ್ರೆ ಇಷ್ಟು ವರ್ಷ ದುಡ್ಡು ಸುರಿದು ನಾವು 10ರಲ್ಲೇ ಅವೆವಾ?

ಕೀಲಿಮಣೆ · ಕುಮಟಾ · 10:14

ಏಳೋ ಹೊತ್ತು ಅದೇ, ಹೊತ್ತು ತರೋ ಹೆಡಿಗೆ ದೊಡ್ಡದಾಗಿದೆ. ಡಿಡಿಆರ್5-6000 ಎರಡು ಕಡ್ಡಿ ಅಂದ್ರೆ ಸೆಕೆಂಡಿಗೆ 96 ಜಿಬಿ.

ಚಂಡೆಮದ್ದಳೆ · ಶಿರಸಿ · 10:20

ಇನ್ನೊಂದು 16 ಜಿಬಿ ಕಡ್ಡಿ ಈಗಿನ ರೇಟಿಗೆ ತರೋದು ಆಗದ ಮಾತು. ಚಿಕ್ಕಪ್ಪನ ಮಗನ ಸತ್ತ ಪಿಸಿಯಲ್ಲಿ ಡಿಡಿಆರ್4 8 ಜಿಬಿ ಒಂದಿದೆ, 2666. ಅದನ್ನ ಹಾಕಬಹುದಾ? ಹಾಕಿದ್ರೆ ನನ್ನ 3200 ಹಾಳಾಗಿ 2666ಕ್ಕೆ ಬೀಳಲ್ವಾ?

ದಾಂಡೇಲಿ_ಡೆಸ್ಕು · ದಾಂಡೇಲಿ · 10:26

ಬೇರೆ ಬೇರೆ ಕಡ್ಡಿ ಬೆರೆಸಬೇಡಿ. ಇದು ಕಲ್ಲಿನ ಮೇಲಿನ ಬರಹ.

ಅಪ್ಪೆಮಿಡಿ · ಸಿದ್ದಾಪುರ · 10:38

ಕಲ್ಲೂ ಅಲ್ಲ, ಬರಹವೂ ಅಲ್ಲ. ಇಬ್ಬರು ಹುಡುಗರನ್ನ ಒಂದೇ ದಂಡಿಗೆಗೆ ಕಟ್ಟಿದ್ರೆ ನಿಧಾನದವನ ಹೆಜ್ಜೆಗೆ ಇಬ್ಬರೂ ಬರ್ಬೇಕು, ನಿಜ. ಆದರೆ 2666ರಲ್ಲಿ ಒಂದು ಕಡ್ಡಿ 21.3 ಜಿಬಿ, ಎರಡಕ್ಕೆ 42.6. ನಿಮ್ಮ ಈಗಿನ 25.6ಕ್ಕಿಂತ ಎಷ್ಟೋ ಹೆಚ್ಚು. ವೇಗ ಇಳಿಸಿ ಕೆಲಸ ಏರಿಸಿದ ಹಾಗೆ. ಒಂದು ಮಾತು, 16 ಮತ್ತು 8 ಸೇರಿದ್ರೆ 8+8ಕ್ಕೆ ಮಾತ್ರ ಎರಡು ಚಾನೆಲ್ಲಿನ ಲಾಭ, ಮೇಲೆ ಉಳಿದ 8 ಒಂಟಿಯಾಗೇ ನಡೀತದೆ. ಕಾಸಿಲ್ಲದೆ ಸಿಕ್ಕಿದ ಕಡ್ಡಿ, ಹಾಕಿ ನೋಡಿ. ಕೂಡದಿದ್ರೆ ತೆಗೀರಿ.

ಕೀಲಿಮಣೆ · ಕುಮಟಾ · 10:44

ಎಕ್ಸ್‌ಎಂಪಿ ಆಫ್ ಮಾಡಿ ಆಮೇಲೆ ಹಾಕಿ. ಎ520ರಲ್ಲಿ ಎರಡೇ ಸಂದು ಇದ್ರೆ ತಲೆಬಿಸಿ ಇಲ್ಲ. ನಾಲ್ಕು ಇದ್ದವರು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದಕ್ಕೆ ಹಾಕಿ. ಒಂದು, ಎರಡಕ್ಕೆ ಹಾಕಿ ಎರಡೂ ಒಂದೇ ಚಾನೆಲ್ಲಿಗೆ ಹೋಗಿ ಕೂತದ್ದನ್ನ ನಾನೇ ನೋಡಿದ್ದೇನೆ.

ಚಂಡೆಮದ್ದಳೆ · ಶಿರಸಿ · ಬುಧವಾರ ರಾತ್ರಿ 9:30

ಹಾಕಿದೆ. ಓಡ್ತಾ ಇದೆ! ಮೊದಲು 2400 ಬಂತು, ಬಯಾಸಿನಲ್ಲಿ ಕೈಯಾರೆ ಕೊಟ್ಟ ಮೇಲೆ ಎರಡೂ 2666. ಟೈಮ್‌ಲೈನ್ ಎಳೆದ್ರೆ ಈಗ ತಡವರಿಸೋದು ಬಹಳ ಕಡಿಮೆ. ಹುಡುಗನ ಗೇಮ್ ಸೆಕೆಂಡಿಗೆ 38 ಫ್ರೇಮ್ ಇದ್ದದ್ದು 50ರ ಆಚೀಚೆ. ಆದರೆ ಎರಡೂವರೆ ಗಂಟೆಯ ಪ್ರಸಂಗ ಎಕ್ಸ್‌ಪೋರ್ಟ್ ಮಾಡಿದ್ರೆ ಉಳಿತಾಯ ಆದದ್ದು ಏಳೆಂಟು ನಿಮಿಷ ಅಷ್ಟೆ.

ತೋಟದ್ಹುಡುಗಿ · ಯಲ್ಲಾಪುರ · 9:41

ಎಕ್ಸ್‌ಪೋರ್ಟಿನಲ್ಲಿ ಹೊತ್ತು ಹೋಗೋದು ವಿಡಿಯೊ ಎನ್‌ಕೋಡಿಗೆ. ಅದು ಸುಲಿಯೋರ ಕೈ ಕೆಲಸ, ಹೆಡಿಗೆ ಎಷ್ಟು ಬಂದ್ರೂ ಅಷ್ಟೆ. ಎರಡೂ ಕಡ್ಡಿಗೆ 2933 ಕೈಯಾರೆ ಕೊಟ್ಟು ನೋಡಿ. ಹಳೇ ಕಡ್ಡಿ ಒಪ್ಪಿದ್ರೂ ಒಪ್ಪೀತು. ಒಪ್ಪಿದ ಮೇಲೆ ಮೆಮೊರಿ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಪೆನ್‌ಡ್ರೈವಿಗೆ ಹಾಕಿ ರಾತ್ರಿ ಪೂರ್ತಿ ಓಡಿಸಿ. ಒಂದು ತಪ್ಪು ಬಂದ್ರೂ ವಾಪಸ್ 2666. ವಿಡಿಯೊ ಕೆಲಸದಲ್ಲಿ ರ‍್ಯಾಮ್ ತಪ್ಪು ಮಾಡಿದ್ರೆ ಫೈಲೇ ಕೆಡ್ತದೆ.

ಚಂಡೆಮದ್ದಳೆ · ಶಿರಸಿ · 9:44

ರಾತ್ರಿ ಪೂರ್ತಿ ನಿದ್ದೆಗೆಡೋದು ನಮಗೆ ಹೊಸದಲ್ಲ.

ಚಂಡೆಮದ್ದಳೆ · ಶಿರಸಿ · ಗುರುವಾರ ಬೆಳಿಗ್ಗೆ 6:10

2933. ನಾಲ್ಕು ಸುತ್ತು ಮುಗೀತು, ಸೊನ್ನೆ ತಪ್ಪು. ಮಂಗಳ ಹಾಡಿದೆ.

ದಾಂಡೇಲಿ_ಡೆಸ್ಕು · ದಾಂಡೇಲಿ · 6:55

ಸರಿ. ಈ ಸಲಕ್ಕೆ ಒಪ್ಪಿದೆ. ಎಲ್ಲರಿಗೂ ಹೀಗೇ ಆಗ್ತದೆ ಅಂತ ತಿಳ್ಕೋಬೇಡಿ.

ಚಂಡೆಮದ್ದಳೆ · ಶಿರಸಿ · ಭಾನುವಾರ ಸಂಜೆ 6:25

ಬೇಸರ ಮಾಡ್ಬೇಡಿ, ಮತ್ತೊಂದು. ನಿನ್ನೆ ಗಾಳಿಮಳೆಗೆ ಕರೆಂಟು ಹೋಗಿದ್ದು ಇವತ್ತು ಮಧ್ಯಾಹ್ನ ಬಂತು. ಆನ್ ಮಾಡಿದ್ರೆ ಮತ್ತೆ 2400! 2933 ಮಾಯ. ಕಡ್ಡಿ ಹೋಯ್ತಾ?

ಅಪ್ಪೆಮಿಡಿ · ಸಿದ್ದಾಪುರ · 6:40

ಪಿಸಿಯ ಗಡಿಯಾರ ಸರಿ ಇದೆಯಾ ನೋಡಿ ಹೇಳಿ. ಇಂಟರ್ನೆಟ್ ಹಚ್ಚೋ ಮೊದಲು ನೋಡಿ.

ಚಂಡೆಮದ್ದಳೆ · ಶಿರಸಿ · 6:52

ಅಯ್ಯೋ! ತಾರೀಕು ಎಷ್ಟೋ ವರ್ಷ ಹಿಂದೆ ಹೋಗಿದೆ.

ಅಪ್ಪೆಮಿಡಿ · ಸಿದ್ದಾಪುರ · 6:58

ಹಾಗಾದ್ರೆ ಕಡ್ಡಿಯ ತಪ್ಪಲ್ಲ. ಗಡಿಯಾರ ಸರಿ ಇದ್ದು ವೇಗ ಮಾತ್ರ ಬಿದ್ದಿದ್ರೆ ಕಡ್ಡಿ ಮೇಲೆ ಅನುಮಾನ ಪಡಬೇಕಿತ್ತು. ಬೋರ್ಡು 2933 ಹಾಕಿ ನೋಡಿ ಸೋತು ಸಾದಾ ವೇಗಕ್ಕೆ ಇಳಿದಿದೆ ಅಂತ ಅರ್ಥ ಆಗ್ತಿತ್ತು. ಎರಡೂ ಹೋಗಿದೆ ಅಂದ್ರೆ ಕರೆಂಟಿಲ್ಲದಾಗ ಗಡಿಯಾರ, ಬಯಾಸ್ ಸೆಟ್ಟಿಂಗ್ ಉಳಿಸೋ ಬೋರ್ಡಿನ ಸೆಲ್ಲು ಸತ್ತಿದೆ. ಬಟನ್ನಿನ ಹಾಗೆ ಗುಂಡಗೆ ಇರ್ತದಲ್ಲ, ಸಿಆರ್2032. ಭಾವ ಬೋರ್ಡು ಕೊಟ್ರು, ಸೆಲ್ಲು ಹೊಸದು ಹಾಕಿ ಕೊಡಲಿಲ್ಲ.

ಬಂಗಡೆ_ಫ್ರೈ · ಕಾರವಾರ · 7:01

ಭಾವಂದಿರೇ ಹಾಗೆ.

ಕಾಳಿತೀರ · ಕಾರವಾರ · 7:03

ಸ್ಕೂಟರ್ ಕೀ ಒಳಗೆ ಅದೇ ಸೆಲ್ ಇದ್ದದೆ, ನೋಡಿ. ಸಿಗದಿದ್ರೆ ವಾಚು ರಿಪೇರಿಯವರ ಹತ್ರ.

ಚಂಡೆಮದ್ದಳೆ · ಶಿರಸಿ · ಸೋಮವಾರ ಮಧ್ಯಾಹ್ನ 1:15

ಬಸ್‌ಸ್ಟ್ಯಾಂಡ್ ಹತ್ರ ವಾಚಿನ ಅಂಗಡಿಯಲ್ಲಿ ಸಿಕ್ಕಿತು. ಹಾಕಿ, 2933 ಮತ್ತೆ ಕೊಟ್ಟು, ಬೇಕಂತಲೇ ವೈರ್ ಕಿತ್ತು ಅರ್ಧ ಗಂಟೆ ಬಿಟ್ಟು ನೋಡಿದೆ. ಗಡಿಯಾರವೂ ಸರಿ, ವೇಗವೂ ಸರಿ.

ಹೊನ್ನಾವರ_ಪ್ಯಾಸೆಂಜರ್ · ಹೊನ್ನಾವರ · 1:20

ಹಾಗಾದ್ರೆ ಆ ಎರಡೂವರೆ ಗಂಟೆಯ ಪ್ರಸಂಗ ಯಾವಾಗ ನೋಡೂಕೆ ಸಿಗ್ತದೆ?

ಚಂಡೆಮದ್ದಳೆ · ಶಿರಸಿ · 1:24

ಬೆಳಿಗ್ಗೆ ಏಳರಿಂದ ಅಪ್‌ಲೋಡ್ ಆಗ್ತಾ ಇತ್ತು. ವೈರ್ ಕಿತ್ತು ನೋಡಿದೆ ಅಂದ್ನಲ್ಲ, ಆಗ ಅದು ನೆನಪಾಗಲಿಲ್ಲ. ಈಗ ಮತ್ತೆ 2 ಶೇಕಡಾ.